‘ಮೆನ್ಸ್ ಲೈವ್ಸ್’: ಕಡಲಂಚಿನ ಮೀನು, ಮನುಷ್ಯರ ಬಾಳು

ಸರ್ ವಾಲ್ಟರ್ ಸ್ಕಾಟನು 1816ರಲ್ಲಿ ಪ್ರಕಟಿಸಿದ ‘ದಿ ಆ್ಯಂಟಿಕ್ವರಿ’ ಎಂಬ ಕಾದಂಬರಿಯಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬರುತ್ತಾಳೆ. ಬೆಲೆ ಇಳಿಸೆಂದು ಚೌಕಾಶಿಗೆ ನಿಂತ ಗಿರಾಕಿಗೆ ಅವಳು, ಬುಟ್ಟಿಯೊಳಗಣ ಸರಕಿನ ಬೆಲೆಯಲ್ಲಿ ಅದನ್ನು ತರಲೆಂದು ಕಡಲಿಗಿಳಿದವರ ಪ್ರಾಣದ ಬೆಲೆಯೂ ಕೂಡಿದೆಯೆಂಬುದನ್ನು ನೆನಪು ಮಾಡಿಕೊಡುವಳು. ಆ ಮಾತಿನಿಂದ ಎರಡು ಪದಗಳನ್ನು ಎತ್ತಿಕೊಂಡು ಅಮೆರಿಕದ ಲೇಖಕ ಪೀಟರ್ ಮ್ಯಾಥಿಸನ್ನನು 1986ರಲ್ಲಿ ಹೊರಬಂದ ತನ್ನ ಗ್ರಂಥಕ್ಕೆ ‘ಮೆನ್ಸ್ ಲೈವ್ಸ್’ ಎಂದು ಹೆಸರಿಟ್ಟನು. ಆ ಇಂಗ್ಲಿಷ್ ಪದದಲ್ಲಿ ಪ್ರಾಣ, ಬಾಳುವೆ ಎಂಬ ಎರಡರ್ಥಗಳೂ ಅಡಗಿವೆ. ಕನ್ನಡಕ್ಕೆ ತರುವವನು ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕು. ಸ್ಕಾಟನ ಹೆಂಗಸಿಗೆ ಮೊದಲನೆಯ ಅರ್ಥವು ಮುಖ್ಯ; ಮ್ಯಾಥಿಸನ್ನನಿಗೆ ಎರಡನೆಯದು. ಕಡಲು ಒಬ್ಬೊಬ್ಬನ ಪ್ರಾಣವನ್ನು ತೆಗೆಯುವುದು. ಶಾಸನಸಭೆಯಾದರೋ ಒಂದು ಊರಿನ ಬಾಳುವೆಯನ್ನೇ ತೆಗೆದುಬಿಡಬಲ್ಲದು ಎಂಬುದು ಈ ಗ್ರಂಥದ ಒಳವಾದ.

ನಮ್ಮ ವಾಚಕರಲ್ಲಿ ಕೆಲವರು ಮ್ಯಾಥಿಸನ್ನನನ್ನು ಹಿಮಾಲಯಯಾತ್ರೆಯ ಕಥನವಾದ ‘ದಿ ಸ್ನೋ ಲೆಪರ್ಡ್’ (1978) ಎಂಬ ಗ್ರಂಥದ ಕರ್ತೃವೆಂದು ಬಲ್ಲರು. ನೇಪಾಳದ ಮಂಜಿನಲ್ಲಿ ಬೌದ್ಧಧ್ಯಾನದ ಜಾಡನ್ನು ಅರಸಿದ ಈತನು ಅದಕ್ಕೆ ಬಹು ಮುನ್ನ, 1950ರ ದಶಕದ ನಡುಭಾಗದಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಲಾಂಗ್ ಐಲೆಂಡಿನ ಪೂರ್ವದ ತುದಿಯಲ್ಲಿ ಬಲೆಯೆಳೆಯುವ ಕೂಲಿಯಾಗಿ ದುಡಿದವನು. ಚಿಪ್ಪುಮೀನನ್ನು ಕೆದಕಿ ಮಾರಿದವನು. ಸ್ಥಿತಿವಂತರ ಮನೆಯಲ್ಲಿ ಹುಟ್ಟಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಸಾಹಿತ್ಯಪತ್ರಿಕೆಯೊಂದನ್ನು ಮಿತ್ರರೊಡನೆ ಸ್ಥಾಪಿಸಿ ಬಂದವನು ಹೀಗೆ ಉಪ್ಪುನೀರಿಗಿಳಿದುದು ಹೊಟ್ಟೆಪಾಡಿಗೋ ಹುಮ್ಮಸ್ಸಿಗೋ ಎಂಬ ಪ್ರಶ್ನೆ ಏಳುವುದು ಸಹಜ. ಎರಡಕ್ಕೂ ಇರಬಹುದು. ಆತನಿಗೆ ಬೇಡವೆನಿಸಿದಾಗ ಬಿಟ್ಟುಹೋಗುವ ದಾರಿಯಿತ್ತು. ಆತನೊಡನೆ ಹಗ್ಗ ಹಿಡಿದವರಿಗೆ ಇರಲಿಲ್ಲ. ಗ್ರಂಥವನ್ನು ತೂಗುವಾಗ ಈ ಭೇದವನ್ನು ಮರೆಯುವಂತಿಲ್ಲ.

ಗ್ರಂಥದ ಕೇಂದ್ರದಲ್ಲಿರುವುದು ಒಂದು ಮೀನು. ಅದರ ಹೆಸರು ಸ್ಟ್ರೈಪ್ಡ್ ಬಾಸ್. ಬೆಳ್ಳಿಯ ಮೈಯ ಮೇಲೆ ತಲೆಯಿಂದ ಬಾಲದವರೆಗೆ ಏಳೆಂಟು ಕಪ್ಪುಗೆರೆಗಳು ಹರಿದಿರುವುದರಿಂದ ಈ ಹೆಸರು. ಇದು ಕಡಲಿನಲ್ಲಿ ಬೆಳೆದು ನದಿಯಲ್ಲಿ ಮೊಟ್ಟೆಯಿಡುವ ಜಾತಿ. ಚೆಸಪೀಕ್ ಕೊಲ್ಲಿಗೆ ಬೀಳುವ ನದಿಗಳೂ ಹಡ್ಸನ್, ಡೆಲವೇರ್ ನದಿಗಳೂ ಇದರ ತವರು. ವಸಂತದಲ್ಲಿ ಮೊಟ್ಟೆಯಿಟ್ಟ ದೊಡ್ಡ ಮೀನುಗಳು ಕರಾವಳಿಯ ಗುಂಟ ಉತ್ತರಕ್ಕೆ ನಡೆದು ಮೇಯ್ನ್ ಪ್ರಾಂತ್ಯದವರೆಗೂ ಹೋಗಿ ಬೇಸಗೆಯನ್ನು ಕಳೆಯುತ್ತವೆ. ಶರತ್ಕಾಲದಲ್ಲಿ ಹಗಲು ಕುಗ್ಗಿ ನೀರು ತಣ್ಣಗಾಗತೊಡಗಿದಾಗ, ಒಳಗೊಲ್ಲಿಗಳಲ್ಲಿ ಬೆಳೆದ ಸಣ್ಣಮೀನುಗಳೆಲ್ಲ ಹೊರಗಡಲಿಗೆ ಹೊರಟು ದಡಕ್ಕೆ ಅಂಟಿಕೊಂಡಂತೆ ದಕ್ಷಿಣಕ್ಕೆ ಸಾಗುತ್ತವೆ. ಅವುಗಳ ಬೆನ್ನು ಹತ್ತಿ ಈ ಬಾಸ್ ಮೀನುಗಳೂ ಇಳಿಯುತ್ತವೆ. ಚಳಿಗಾಲದ ಹಸಿವಿಗೆ ಮುಂಚಿತವಾಗಿ ಮೈಯಲ್ಲಿ ಕೊಬ್ಬನ್ನು ಕೂಡಿಡಬೇಕಾದುದರಿಂದ ಆಗ ಅವುಗಳ ಆತುರಕ್ಕೆ ಮಿತಿಯಿಲ್ಲ. ಮೊಣಕಾಲುದ್ದದ ನೀರಿನಲ್ಲಿ, ತೆರೆ ಮಗುಚಿ ಬೀಳುವ ನೊರೆಯೊಳಗೇ, 30 ಪೌಂಡು 40 ಪೌಂಡು ತೂಗುವ ಮೀನು ಬೇಟೆಯಾಡುವುದುಂಟು. ಲಾಂಗ್ ಐಲೆಂಡಿನಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳು ಇದರ ಸುಗ್ಗಿ. ಅಲ್ಲಿಂದ ತೆಂಕಣ ನ್ಯೂಜೆರ್ಸಿಯಲ್ಲಿ ಡಿಸೆಂಬರಿನವರೆಗೂ ಇದು ನಡೆಯುವುದು. ಮೇಲೆ ಕಡಲಹಕ್ಕಿಗಳ ಕೂಗು, ಕೆಳಗೆ ಕುದಿಯುವ ನೀರು, ನಡುವೆ ಬಾಯಿಗೆ ಸಿಕ್ಕದಿರಲೆಂದು ಮರಳಿನ ಮೇಲಕ್ಕೇ ಹಾರಿಬೀಳುವ ಸಣ್ಣಮೀನು. ಮೀನನ್ನು ಮುಟ್ಟದ ಮನೆಗಳಲ್ಲಿ ಬೆಳೆದ ವಾಚಕರಿಗೂ ಈ ನೋಟವು ಅದ್ಭುತವೆಂದೇ ತೋರೀತು.

ಈ ಒಂದೇ ಮರಳಪಟ್ಟಿಯ ಮೇಲೆ ಎರಡು ಬಗೆಯ ಜನರು ಬಂದು ನಿಲ್ಲುವರು. ಒಬ್ಬನು ಗಾಳದವನು. ಎದೆಯವರೆಗೆ ರಬ್ಬರಿನ ಪೋಷಾಕನ್ನು ತೊಟ್ಟು, ಆಳೆತ್ತರವನ್ನು ಮೀರಿದ ಬೆತ್ತವನ್ನು ಹಿಡಿದು, ಮೊಂಟಾಕ್ ದೀಪಸ್ತಂಭದ ಕೆಳಗಣ ಪಾಚಿಗಟ್ಟಿದ ಬಂಡೆಯ ಮೇಲೆ ಅವನು ಇರುಳೆಲ್ಲ ನಿಲ್ಲುವನು. ಮರದಿಂದ ಕಡೆದ ಹುಸಿಮೀನನ್ನೋ ಜೀವಂತವಾದ ಹಾವುಮೀನನ್ನೋ ತೆರೆಯಾಚೆಗೆ ಎಸೆದು ಮೆಲ್ಲಗೆ ಸೆಳೆಯುವನು. ಮರಳುದಿಣ್ಣೆ ಎಲ್ಲಿ ಕಡಿದುಹೋಗಿದೆ, ಆ ಕಂಡಿಯಲ್ಲಿ ಇಳಿತದ ನೀರು ಯಾವ ಗಳಿಗೆಯಲ್ಲಿ ಹೊರಗೋಡುವುದು, ಗಾಳಿ ಯಾವ ದಿಕ್ಕಿನಿಂದ ಬೀಸಿದರೆ ಸಣ್ಣಮೀನು ದಡಕ್ಕೆ ಒತ್ತಲ್ಪಡುವುದು ಎಂಬುದನ್ನೆಲ್ಲ ಅವನು ವರ್ಷಗಟ್ಟಲೆ ಕಾದು ಕಲಿತಿರುವನು. ಅದೂ ಒಂದು ವಿದ್ಯೆಯೇ. 1982ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ಕಲ್ಲುಕಟ್ಟೆಯ ಮೇಲಿಂದ ಆಲ್ಬರ್ಟ್ ಮೆಕ್‌ರೆನಾಲ್ಡ್ಸ್ ಎಂಬಾತನು ಹಿಡಿದ 78½ ಪೌಂಡಿನ ಮೀನಿನ ಮಾತನ್ನು ಈ ಜನರು ನಮ್ಮವರು ಹಳೆಯ ಕುಸ್ತಿಗಳ ಮಾತನ್ನಾಡುವಂತೆ ಇಂದಿಗೂ ಆಡಿಕೊಳ್ಳುವರು.

ಇನ್ನೊಬ್ಬನು ಬಲೆಯವನು. ಅವನ ಬಲೆಯನ್ನು ನಮ್ಮವರಿಗೆ ವರ್ಣಿಸುವುದು ಕಷ್ಟವಲ್ಲ. ಕಾರವಾರದಿಂದ ಮಂಗಳೂರಿನವರೆಗಣ ಕರಾವಳಿಯಲ್ಲಿ ರಂಪಣಿಯನ್ನು ಕಂಡವರಿಗೆ ಅದು ಗುರುತಿನದೇ. ಬಲೆಯ ಒಂದು ತುದಿಯನ್ನು ದಡದಲ್ಲಿರಿಸಿ, ಉಳಿದುದನ್ನು ಡೋರಿ ಎಂಬ ಚಪ್ಪಟೆ ತಳದ ದೋಣಿಯಲ್ಲಿ ಹೇರಿ, ತೆರೆಯನ್ನು ಸೀಳಿ ಹೊರಟು, ಅರ್ಧಚಂದ್ರಾಕಾರವಾಗಿ ಬಲೆಯನ್ನು ಬಿಡುತ್ತ ಮತ್ತೊಂದೆಡೆ ದಡಕ್ಕೆ ಮರಳುವುದು. ಬಳಿಕ ಎರಡು ತುದಿಗಳನ್ನೂ ಎಳೆದು ನಡುವಣ ಚೀಲವನ್ನು ಮರಳಿಗೆ ತರುವುದು. ನಮ್ಮ ರಂಪಣಿಗೆ ಊರಿಗೆ ಊರೇ ಕೈಹಚ್ಚುತ್ತಿತ್ತು. ಅಲ್ಲಿ ನಾಲ್ಕಾರು ಮಂದಿ, ಎರಡು ಲಾರಿ, ಅವುಗಳಿಗೆ ಹೊಂದಿಸಿದ ರಾಟೆ. ಅಪಾಯವೆಲ್ಲ ಮೊದಲ ಕೆಲವು ಗಳಿಗೆಗಳಲ್ಲಿದೆ. ತೆರೆಗೂ ತೆರೆಗೂ ನಡುವಣ ಬಿಡುವನ್ನು ತಪ್ಪಾಗಿ ಎಣಿಸಿದರೆ ದೋಣಿಯು ತಲೆಕೆಳಗಾಗುವುದು. ನವೆಂಬರಿನ ಆ ನೀರಿನಲ್ಲಿ, ಭಾರವಾದ ಬಟ್ಟೆಯಲ್ಲಿ, ಬಲೆಗೆ ಕಾಲು ಸಿಕ್ಕಿಕೊಂಡರೆ ಮರಳಿ ಬರುವ ಮಾತಿಲ್ಲ.

ಈ ಬಲೆಯ ಜನರನ್ನು ಕುರಿತ ಭಾಗಗಳಲ್ಲಿ ಮ್ಯಾಥಿಸನ್ನನ ಬರವಣಿಗೆಯು ಉತ್ತಮಶ್ರೇಣಿಯದು. ಈಸ್ಟ್ ಹ್ಯಾಂಪ್ಟನ್ ಎಂಬ ಊರು 1648ರಲ್ಲಿ ನೆಲೆಗೊಂಡಿತು. ಅಲ್ಲಿಗೆ ಬಂದ ಇಂಗ್ಲಿಷ್ ಒಕ್ಕಲುಗಳ ಸಂತತಿಯಾದ ಲೆಸ್ಟರ್ ಮೊದಲಾದ ಮನೆತನಗಳು ಮೂರು ಶತಮಾನಗಳ ತರುವಾಯವೂ ಅದೇ ಮರಳಿನ ಮೇಲೆ, ಬಹುಮಟ್ಟಿಗೆ ಅದೇ ವೃತ್ತಿಯಲ್ಲಿ, ಹಳೆಯ ನುಡಿಯ ಚೂರುಗಳನ್ನು ಬಾಯಲ್ಲಿ ಉಳಿಸಿಕೊಂಡು ಬದುಕಿದ್ದವು. ಇವರನ್ನು ಬಾನಕರ್ ಎಂದು ಪಟ್ಟಣದವರು ಹಾಸ್ಯವಾಗಿ ಕರೆದರೆ, ಅವರು ಆ ಹೆಸರನ್ನೇ ಬಿರುದಾಗಿ ಧರಿಸಿದರು. ಗ್ರಂಥಕಾರನು ಅವರ ಮಾತನ್ನು ತಿದ್ದುವುದಿಲ್ಲ. ಮುದುಕರು ಒಬ್ಬರ ಮೇಲೊಬ್ಬರು ಆಡುವ ಕುಹಕ, ದುಃಖವನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಮತ್ತೆ ಹಗ್ಗಕ್ಕೆ ಕೈಹಾಕುವ ಬಿಗುಮಾನ, ಮೀನು ಬಾರದ ದಿನದ ಮೌನ, ಇವೆಲ್ಲ ಅವರ ನುಡಿಯಲ್ಲಿಯೇ ಹೊರಬರುತ್ತವೆ. ಇಲ್ಲಿ ಕರುಣರಸವು ಉಕ್ಕುವುದಕ್ಕೆ ಕಾರಣವೇನೆಂದರೆ, ಯಾರೂ ಕರುಣೆಯನ್ನು ಬೇಡುವುದಿಲ್ಲ. ವಿಭಾವಗಳು ಮಾತ್ರ ಒಂದೊಂದಾಗಿ ಕಣ್ಣಮುಂದೆ ನಿಲ್ಲುತ್ತವೆ. ಆಲೂಗಡ್ಡೆಯ ಹೊಲವಿದ್ದಲ್ಲಿ ಧನಿಕರ ಬೇಸಗೆಮನೆ ಏಳುವುದು. ದಡಕ್ಕಿಳಿಯುವ ದಾರಿಗೆ ಬೇಲಿ ಬೀಳುವುದು. ಮಗನು ಬಲೆಯನ್ನು ಬಿಟ್ಟು ಅದೇ ಮನೆಗಳ ತೋಟಗೆಲಸಕ್ಕೆ ಹೋಗುವನು. ಸಂಚಾರಿಭಾವಗಳನ್ನು ವಾಚಕನು ತಾನೇ ತುಂಬಿಕೊಳ್ಳಬೇಕು. ಗ್ರಂಥದೊಡನೆ ಅಚ್ಚಾಗಿರುವ ಛಾಯಾಚಿತ್ರಗಳೂ ಇದೇ ಸಂಯಮವನ್ನು ಪಾಲಿಸಿವೆ.

ಸಂಸ್ಕೃತವನ್ನೋದಿದವರಿಗೆ ಇಲ್ಲಿ ಶಾಕುಂತಲದ ಆರನೆಯ ಅಂಕದ ಪ್ರವೇಶಕವು ನೆನಪಾಗದಿರದು. ರೋಹಿತಮತ್ಸ್ಯದ ಹೊಟ್ಟೆಯಲ್ಲಿ ಉಂಗುರವನ್ನು ಕಂಡ ಧೀವರನನ್ನು ಕಾವಲುಗಾರರು ಕೈಕಟ್ಟಿ ತರುವರು. ಅವನ ಕಸುಬನ್ನು ಹೀಯಾಳಿಸುವರು. ಅದಕ್ಕೆ ಅವನು ಹುಟ್ಟಿನಿಂದ ಬಂದ ಕೆಲಸವು ನಿಂದ್ಯವೆನಿಸಿದರೂ ಬಿಡತಕ್ಕದ್ದಲ್ಲವೆಂದೂ, ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯನು ಕ್ರೂರಕರ್ಮಿಯಾದರೂ ದಯಾಮೃದುವೇ ಆಗಿರುವನಲ್ಲವೇ ಎಂದೂ ಉತ್ತರ ಕೊಡುವನು. ಹಸಿದ ಬಡವನ ಬಾಯಿಂದ ವೇದವಿದನತ್ತ ಇಂಥ ಬಾಣವನ್ನು ಬಿಡಿಸಿದ ಕಾಳಿದಾಸನ ಧೈರ್ಯವನ್ನು ಪಾಠಶಾಲೆಗಳಲ್ಲಿ ಬೇಗಬೇಗನೆ ದಾಟಿಸಿಬಿಡುವ ರೂಢಿಯಿದೆ, ಅದಿರಲಿ. ಹಿಂಸೆಯೆಂಬುದು ಯಾರ ಕೈಯಲ್ಲಿ ಎಷ್ಟೆಂದು ಅಳೆಯುವವನು ತನ್ನ ಕೈಯನ್ನೂ ನೋಡಿಕೊಳ್ಳಬೇಕೆಂಬ ಆ ಧೀವರನ ಮಾತೇ ಮ್ಯಾಥಿಸನ್ನನ ನೂರಾರು ಪುಟಗಳ ತಿರುಳು. ಬಲೆಯವರು ಮೀನಿನ ವಂಶವನ್ನೇ ಅಳಿಸುತ್ತಿರುವರೆಂದು ದೂರಿದ ಗಾಳದ ಸಂಘಗಳು ತಾವು ಹಿಡಿಯುತ್ತಿದ್ದ ಮೀನಿನ ಲೆಕ್ಕವನ್ನು ಕೊಡಲಿಲ್ಲವೆಂಬುದು ಆತನ ಆಕ್ಷೇಪ.

ಆದರೆ ಕಾಳಿದಾಸನಲ್ಲಿ ಇದ್ದು ಈತನಲ್ಲಿ ಇಲ್ಲದ ಗುಣವೊಂದಿದೆ. ಕಾವಲುಗಾರರಿಗೂ ಅಲ್ಲಿ ಮುಖವುಂಟು; ಬಹುಮಾನ ಬಂದಾಗ ಹೊಟ್ಟೆಕಿಚ್ಚು ಪಡುವರು, ಅರ್ಧ ಹಂಚಿಕೊಂಡಾಗ ಗೆಳೆಯರಾಗುವರು. ‘ಮೆನ್ಸ್ ಲೈವ್ಸ್’ ಗ್ರಂಥದಲ್ಲಿ ಗಾಳದವರಿಗೆ ಇಂಥ ಮುಖವಿಲ್ಲ. ಅವರು ಬಹುಪಾಲು ಒಂದು ಸಂಘವಾಗಿ, ಒಂದು ಅರ್ಜಿಯಾಗಿ, ಒಂದು ಕೂಗಾಗಿ ಬರುತ್ತಾರೆ. ದೋಣಿ ಮಗುಚುವ ಭಯವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲ ಲೇಖಕನು, ಮಧ್ಯರಾತ್ರಿಯಲ್ಲಿ ಒಬ್ಬನೇ ಬಂಡೆಯ ಮೇಲೆ ನಿಂತವನ ತನ್ಮಯತೆಯನ್ನು ಅರಿಯನೆಂದು ನಂಬಲಾಗದು. ಅರಿತಿದ್ದನೆಂಬುದಕ್ಕೆ ಸಾಕ್ಷ್ಯವೂ ಉಂಟು: ಅದೇ ದಶಕದಲ್ಲಿ ಆತನು ಮೊಂಟಾಕಿನಿಂದ ದೋಣಿಯೊಂದನ್ನು ನಡಸಿ ಗಾಳದ ವಿನೋದಿಗಳನ್ನು ಬಾಡಿಗೆಗೆ ಕಡಲಿಗೆ ಕರೆದೊಯ್ಯುತ್ತಿದ್ದನು. ಅವರ ಹಣವೂ ಆತನ ಊಟದಲ್ಲಿ ಸೇರಿತ್ತು. ಗ್ರಂಥವು ಇದನ್ನು ಮರೆಮಾಚುವುದಿಲ್ಲ. ಆದರೆ ಇದರಿಂದ ಹುಟ್ಟಬೇಕಾಗಿದ್ದ ಸಮದೃಷ್ಟಿಯನ್ನು ಬೆಳಸಿಕೊಂಡೂ ಇಲ್ಲ.

ಆ ಕೊರತೆಯನ್ನು ತುಂಬಿಕೊಳ್ಳಬೇಕೆನ್ನುವವರು ಫ್ರಾಂಕ್ ಡೇನೊನು ಬರೆದ ‘ಟ್ವೆಂಟಿ ಇಯರ್ಸ್ ಆನ್ ದಿ ಕೇಪ್’ ಎಂಬ ಪುಸ್ತಕವನ್ನು ಜೊತೆಯಲ್ಲಿಟ್ಟು ಓದಬಹುದು. ಆತನು ಹೆಂಡತಿಮಕ್ಕಳೊಡನೆ ಬೇಸಗೆಯುದ್ದಕ್ಕೂ ಕೇಪ್ ಕಾಡಿನ ಮರಳದಿಣ್ಣೆಗಳಲ್ಲಿ ವಾಹನವನ್ನೇ ಮನೆಮಾಡಿಕೊಂಡು, ಇರುಳೆಲ್ಲ ಗಾಳವೆಸೆದು, ಬೆಳಗಾದರೆ ಮೀನನ್ನು ಮಾರಿದವನು. ಗಾಳವು ಅಲ್ಲಿ ವಿನೋದವೂ ಹೌದು, ಜೀವನವೂ ಹೌದು. ಮ್ಯಾಥಿಸನ್ನನು ಎಳೆದ ಗೆರೆಯ ಮೇಲೆಯೇ ಹೀಗೊಂದು ಸಂಸಾರವು ಕುಳಿತಿದೆ. ಡೇನೊನ ಗದ್ಯದಲ್ಲಿ ಮ್ಯಾಥಿಸನ್ನನ ಹದವಿಲ್ಲ. ಅಲ್ಲಲ್ಲಿ ಜಂಬದ ಮಾತೂ ಉಂಟು. ಆದರೂ ಮೀನಿನ ಹಸಿವೂ ಮನುಷ್ಯನ ಹಂಬಲವೂ ಒಂದಕ್ಕೊಂದು ತಾಗುವ ಗಳಿಗೆಯನ್ನು ಒಳಗಿನಿಂದ ಕಂಡು ಬರೆದವನು ಅವನು.

ಮೀನುಹಿಡಿಯುವುದನ್ನು ವಿನೋದವೆಂದು ಎಣಿಸುವುದು ಪಾಶ್ಚಾತ್ಯರ ಹೊಸ ಚಟವೆಂದು ನಮ್ಮಲ್ಲಿ ಯಾರಾದರೂ ಭಾವಿಸಿದ್ದರೆ ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದವಿಂಶತಿಯಲ್ಲಿ ಮತ್ಸ್ಯವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕಡಲಿನ ಮೀನು ನದಿಯ ಮೀನು ಎಂಬ ವಿಭಾಗ, ಯಾವ ಮೀನಿಗೆ ಯಾವ ಆಹಾರವನ್ನು ಹಾಕಿ ಸಾಕತಕ್ಕದ್ದು, ದಾರ, ಬೆತ್ತ, ಗಾಳ ಹೇಗಿರತಕ್ಕದ್ದು ಎಂಬ ವಿಚಾರಗಳೆಲ್ಲ ಅಲ್ಲಿವೆ. ಐಸಾಕ್ ವಾಲ್ಟನನ ಹೆಸರಾಂತ ಇಂಗ್ಲಿಷ್ ಗ್ರಂಥವು ಹುಟ್ಟಿದುದು 1653ರಲ್ಲಿ. ಆದರೆ ಸೋಮೇಶ್ವರನ ಗಾಳಕ್ಕೆ ಎದುರಾಗಿ ಯಾವ ಬೆಸ್ತನೂ ನ್ಯಾಯಸ್ಥಾನಕ್ಕೆ ಹೋಗಲಿಲ್ಲ. ರಾಜನೂ ಬೆಸ್ತನ ಬಲೆಯನ್ನು ನಿಲ್ಲಿಸಲಿಲ್ಲ. ವಿನೋದವು ಸಹಸ್ರಾರು ಜನರ ಕೈಗೆ ಬಂದು, ಆ ಸಹಸ್ರಾರು ಜನರಿಗೆ ಮತವೂ ಬಂದಾಗ ಮಾತ್ರ ಈ ವ್ಯಾಜ್ಯವು ಹುಟ್ಟತಕ್ಕದ್ದಾಗಿತ್ತು.

ವ್ಯಾಜ್ಯದ ಸಂಗತಿಗಳನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಏಕೆಂದರೆ ಗ್ರಂಥದ ಸತ್ಯಾಸತ್ಯವು ಅಲ್ಲಿ ನಿಂತಿದೆ. ಈ ಮೀನಿನ ಮೇಲಣ ಶಾಸನ ಹೊಸದಲ್ಲ: ಮ್ಯಾಸಚೂಸೆಟ್ಸ್ ಕೊಲ್ಲಿಯ ವಸಾಹತು 1639ರಲ್ಲಿಯೇ ಇದನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಕೂಡದೆಂದು ವಿಧಿಸಿತು, 1670ರಲ್ಲಿ ಪ್ಲಿಮತ್ ವಸಾಹತು ಕೇಪ್ ಕಾಡಿನಲ್ಲಿ ಈ ಬಾಸ್ ಮೊದಲಾದ ಮೀನುಗಳಿಂದ ಬರುವ ಉತ್ಪನ್ನವನ್ನು ಉಚಿತ ಪಾಠಶಾಲೆಗೆ ಬಿಟ್ಟುಕೊಟ್ಟಿತು. (ಉಪಾಧ್ಯಾಯನ ಸಂಬಳವು ಮೀನಿನ ಬಾಯಿಂದ ಬಂದುದುಂಟೆಂಬ ಮಾತು ನಮ್ಮ ಶಾಲಾಮಂಡಲಿಗಳಿಗೆ ತಿಳಿಯದಿರುವುದೇ ಮೇಲು.) ಮೇಯ್ನಿನಿಂದ ಉತ್ತರ ಕ್ಯಾರೊಲೈನದವರೆಗೆ ಮಾರಾಟಕ್ಕೆ ಹಿಡಿದ ಬಾಸ್ 1973ರಲ್ಲಿ ಸುಮಾರು 150 ಲಕ್ಷ ಪೌಂಡಿದ್ದುದು 1983ರ ಹೊತ್ತಿಗೆ ಸುಮಾರು 35 ಲಕ್ಷಕ್ಕೆ ಇಳಿಯಿತು. ಚೆಸಪೀಕಿನ ನದಿಗಳಲ್ಲಿ ಮರಿಗಳು ಬದುಕಿ ಬೆಳೆಯುತ್ತಿರಲಿಲ್ಲ. ಬೆಳೆದವನ್ನು ಎಳೆಯವಿರುವಾಗಲೇ ಹಿಡಿಯಲಾಗುತ್ತಿತ್ತು. ನ್ಯೂಯಾರ್ಕಿನ ಶಾಸನಸಭೆಯು 1983ರಲ್ಲಿ 24 ಅಂಗುಲಕ್ಕಿಂತ ಚಿಕ್ಕ ಮೀನನ್ನು ಹಿಡಿಯಕೂಡದೆಂದು ನಿಯಮಿಸಿತು. ಲಾಂಗ್ ಐಲೆಂಡಿನ ಬಲೆಯವರ ಆದಾಯವು ಚಿಕ್ಕ ಮೀನಿನಲ್ಲಿಯೇ ಇದ್ದುದರಿಂದ ಇದು ಅವರಿಗೆ ಪೆಟ್ಟಾಯಿತು. ಎರಡನೆಯ ಪೆಟ್ಟು ಬೇರೆಯ ಕಡೆಯಿಂದ ಬಂತು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎರಡು ಕಾರ್ಖಾನೆಗಳು 1947ರಿಂದ 1977ರವರೆಗೆ ಹಡ್ಸನ್ ನದಿಗೆ ಬಿಟ್ಟಿದ್ದ ಪಿ.ಸಿ.ಬಿ. ಎಂಬ ವಿಷದ್ರವ್ಯವು ಮೀನಿನ ಕೊಬ್ಬಿನಲ್ಲಿ ಕೂಡಿಕೊಂಡುದರಿಂದ, 1986ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ಈ ಮೀನಿನ ಮಾರಾಟವನ್ನೇ ನಿಲ್ಲಿಸಿತು. ವಿಷ ಹಾಕಿದವರು ಒಬ್ಬರು, ಬಲೆ ಒಣಗಿಸಿಟ್ಟವರು ಇನ್ನೊಬ್ಬರು. ಮಾರಾಟಕ್ಕೆ ಮತ್ತೆ ಅನುಮತಿ ಬಂದಾಗ, 1990ರಲ್ಲಿ, ಎಳೆಬಲೆಗೆ ಮಾತ್ರ ಅನುಮತಿಯಿರಲಿಲ್ಲ. 1992ರ ಜುಲೈ ತಿಂಗಳಿನಲ್ಲಿ ಅಮಾಗನ್ಸೆಟ್ಟಿನ ಮರಳಿನ ಮೇಲೆ ಬಲೆಯವರು ನಿಯಮವನ್ನು ಮುರಿದು ಬಲೆಯೆಳೆದು ದಸ್ತಗಿರಿಯಾದರು. ಗಾಯಕ ಬಿಲ್ಲಿ ಜೋಯಲನೂ ಅವರೊಡನೆ ದಸ್ತಗಿರಿಯಾದನು. ಹೆಸರನ್ನು ಹೇಳದಿದ್ದರೂ ನಮ್ಮವರಿಗೆ ಆ ಸತ್ಯಾಗ್ರಹದ ರೀತಿಯು ಪರಿಚಿತವೇ.

ಗ್ರಂಥದಲ್ಲಿ ಬಲೆಯವರು ಪದೇಪದೇ ಹೇಳುವ ಮಾತೊಂದಿದೆ. ಮೀನು ಚಕ್ರದಂತೆ ಬರುತ್ತದೆ, ಹೋಗುತ್ತದೆ. ಇಂದಿಲ್ಲದಿದ್ದರೆ ನಾಳೆ ಬರುವುದು ಎಂಬುದೇ ಅದು. ಮ್ಯಾಥಿಸನ್ನನು ಇದಕ್ಕೆ ಹೆಚ್ಚಿನ ಮನ್ನಣೆಯನ್ನು ಕೊಡುತ್ತಾನೆ. ಇಲ್ಲಿ ಆತನ ಸ್ನೇಹವು ಆತನ ವಿವೇಚನೆಯನ್ನು ಮೀರಿತು. ಮೇರಿಲ್ಯಾಂಡ್ ಸಂಸ್ಥಾನವು 1985ರಿಂದ ಐದು ವರ್ಷ ಈ ಮೀನನ್ನು ಹಿಡಿಯುವುದನ್ನೇ ನಿಷೇಧಿಸಿತು. 1995ರಲ್ಲಿ ಸಂತತಿಯು ಚೇತರಿಸಿತೆಂದು ಸಾರಲಾಯಿತು. ಚಕ್ರವು ತಾನೇ ತಿರುಗಲಿಲ್ಲ, ಕೈ ತಡೆದುದರಿಂದ ತಿರುಗಿತು. ಇಷ್ಟರಮಟ್ಟಿಗೆ ಗ್ರಂಥದ ವಾದವು ಬಿದ್ದುಹೋಗುವುದು.

ಆದರೆ ಕಥೆ ಅಲ್ಲಿಗೆ ನಿಂತಿದ್ದರೆ ಗಾಳದ ಸಂಘಗಳು ಗೆದ್ದವೆನ್ನಬಹುದಾಗಿತ್ತು. 2019ರಲ್ಲಿ ಪ್ರಕಟವಾದ ಗಣನೆಯು ಈ ಮೀನನ್ನು ಮತ್ತೆ ಮಿತಿಮೀರಿ ಹಿಡಿದಿರುವರೆಂದು ತೋರಿಸಿತು. ಎಳೆಬಲೆಯು ಹೋಗಿ ಮೂವತ್ತು ವರ್ಷಗಳಾಗುತ್ತ ಬಂದಿದ್ದಾಗ, ಅಟ್ಲಾಂಟಿಕ್ ತೀರದಲ್ಲಿ ಸಾಯುವ ಬಾಸ್ ಮೀನಿನ ಬಹು ದೊಡ್ಡ ಪಾಲು ವಿನೋದದ ಗಾಳದ್ದಾಗಿತ್ತು. ಕೊಂಡಿ ಬಿಡಿಸಿ ದಯೆಯಿಂದ ನೀರಿಗೆ ಮರಳಿಸಿದ ಮೀನುಗಳಲ್ಲಿಯೂ ನೂರಕ್ಕೆ 9ರಷ್ಟು ಸಾಯುತ್ತವೆಂದು ಪರಿಣತರು ಲೆಕ್ಕಕ್ಕೆ ಹಿಡಿಯುತ್ತಾರೆ. ಮೇರಿಲ್ಯಾಂಡಿನ ನದಿಗಳಲ್ಲಿ 2019ರಿಂದ 2024ರವರೆಗೆ ವರ್ಷದ ಮೇಲೆ ವರ್ಷ ಮರಿಗಳು ಕಡಮೆಯಾದುವು. 2023ರಲ್ಲಿ 31 ಅಂಗುಲಕ್ಕಿಂತ ದೊಡ್ಡ ಮೀನನ್ನು ಗಾಳದವರು ಇಟ್ಟುಕೊಳ್ಳಕೂಡದೆಂದು ತುರ್ತಿನ ನಿಯಮವು ಬಂದಿತು. ದೊಡ್ಡವು ಬಹುಮಟ್ಟಿಗೆ ಹೆಣ್ಣು, ಲಕ್ಷಾಂತರ ಮೊಟ್ಟೆಯಿಡುವ ತಾಯಿಗಳು. 1986ರ ಗ್ರಂಥವು ಜೀವಶಾಸ್ತ್ರದಲ್ಲಿ ಎಡವಿದರೂ ನ್ಯಾಯದ ಪ್ರಶ್ನೆಯಲ್ಲಿ ಎಡವಲಿಲ್ಲವೆಂದು ಈ ಸಂಗತಿಗಳಿಂದ ಗೊತ್ತಾಗುವುದು. ಬಲೆಯನ್ನು ತಡೆಯಬೇಕಾಗಿದ್ದಿತು, ನಿಜ. ಬಲೆಯವನೊಬ್ಬನನ್ನೇ ತಡೆಯಬೇಕಾಗಿದ್ದಿತೆ ಎಂಬುದಕ್ಕೆ ಉತ್ತರ ದೊರೆತಿಲ್ಲ. ನಮ್ಮ ಕರಾವಳಿಯಲ್ಲಿ 1970ರ ದಶಕದ ಕಡೆಯಲ್ಲಿ ರಂಪಣಿಯನ್ನು ನೆಲಕ್ಕೆ ಕೆಡಹಿದುದು ವಿನೋದದ ಗಾಳವಲ್ಲ, ಯಂತ್ರದ ದೋಣಿಯ ಪರ್ಸ್‌ಸೀನ್ ಬಲೆ. ಆದುದರಿಂದ ಎರಡನ್ನೂ ಒಂದೇ ಎಂದು ಹೇಳುವಂತಿಲ್ಲ. ದಡದಲ್ಲಿ ನಿಂತು ಕಾದವನಿಗೆ ಮೀನು ಮುಟ್ಟುವ ಮುನ್ನವೇ ಅದರ ಹಕ್ಕು ಬೇರೊಬ್ಬನದಾಗಿಬಿಡುವುದು ಮಾತ್ರ ಎರಡು ಕಡೆಗೂ ಸಮಾನ.

ಗ್ರಂಥಬಂಧದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಳೆಯ ತಿಮಿಂಗಿಲಬೇಟೆಯ ಕಾಲದಿಂದ ಹಿಡಿದು ಬರುವ ಚರಿತ್ರೆಯ ಭಾಗವು ಉಪಯುಕ್ತ, ತುಸು ಉದ್ದ. ಸಭೆ, ಮಸೂದೆ, ವಿಚಾರಣೆಗಳ ವರದಿಯು ತುಂಬಿದ ಕಡೆಯ ಭಾಗದಲ್ಲಿ ಗದ್ಯವು ವೃತ್ತಪತ್ರಿಕೆಯ ಮಟ್ಟಕ್ಕಿಳಿಯುವುದು; ವಕೀಲನು ಎದ್ದು ನಿಂತಾಗ ಕವಿಯು ಕುಳಿತುಬಿಡುವನು. 1992ರಲ್ಲಿ ಜೋ ಪಿಂಟಾರೊ ಎಂಬ ನಾಟಕಕಾರನು ಇದನ್ನು ರಂಗಕ್ಕೆ ತಂದಾಗ ಸ್ಯಾಗ್ ಹಾರ್ಬರಿನ ಬೇ ಸ್ಟ್ರೀಟ್ ನಾಟಕಶಾಲೆಯು ಅದರಿಂದಲೇ ಆರಂಭವಾಯಿತು. ಗ್ರಂಥದಲ್ಲಿ ನಾಟಕವಾಗಬಲ್ಲ ಭಾಗ ಯಾವುದೆಂಬುದರಲ್ಲಿ ಸಂದೇಹವಿಲ್ಲ: ದೋಣಿಯ ಅಂಚಿನಲ್ಲಿ ಕುಳಿತ ಮುದುಕರ ಮಾತು.

ಆ ಮಾತನ್ನು ಕನ್ನಡಿಸಬಯಸುವವರಿಗೆ ಒಂದು ಸೂಚನೆ. ಗ್ರಂಥಸ್ಥ ಕನ್ನಡದಲ್ಲಿ ಇದನ್ನು ಹೇಳಿಸಿದರೆ ಕೆಡುವುದು. ಮುದುಕರು ಮಾತುಮಾತಿಗೂ ಹಚ್ಚುವ ‘ಬಬ್’ ಎಂಬ ಸಂಬೋಧನೆಗೆ ‘ಅಯ್ಯಾ’ ಎಂದರೆ ಹೆಚ್ಚಾಗುವುದು, ‘ಮಹಾಶಯ’ ಎಂದರೆ ನಗೆಗೀಡಾಗುವುದು. ‘ಮಾರಾಯ’ ಎಂಬುದು ಸರಿಯಾಗಿ ಕೂರುವುದು. ಬಲೆಯ ತೋಳು, ನಡುಚೀಲ, ಮರದ ತೇಲುಗುಂಡು, ಸೀಸದ ಗುಂಡು, ತೆರೆಯ ಬಿಡುವು, ಇವಕ್ಕೆಲ್ಲ ಪಾರಿಭಾಷಿಕ ಶಬ್ದಗಳನ್ನು ಸಂಸ್ಕೃತದಿಂದ ಕಟ್ಟಹೊರಡುವುದು ವ್ಯರ್ಥಶ್ರಮ. ಮಲ್ಪೆಯಲ್ಲೋ ಅಂಕೋಲೆಯಲ್ಲೋ ರಂಪಣಿಯ ಹಗ್ಗ ಹಿಡಿದಿದ್ದ ಮುದುಕರು ಇನ್ನೂ ಇರುವಾಗಲೇ ಅವರ ಪಕ್ಕದಲ್ಲಿ ನಾಲ್ಕು ದಿನ ಕುಳಿತು ಆ ಪದಗಳನ್ನು ಬರೆದುಕೊಂಡು ಬಂದರೆ ಅನುವಾದದ ಅರ್ಧ ಕೆಲಸ ಆದಂತೆಯೇ.